ಅವರ ಬಂದೂಕಿಗೆ ಲೈಸೆನ್ಸು, ನಮ್ಮ ಉರುಲಿಗೆ ಕೇಸು

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಕೇರಿಯಲ್ಲಿ ಕೋಳಿ, ಹಕ್ಕಿ ಸಾಕುವವರಿಗೆ ಓದಿ ಹೇಳಿ.

ಕುಮಟಾ ಕಡೆಯ ನನ್ನ ಚಿಕ್ಕಪ್ಪನ ಮಗ ಹಿತ್ತಲಲ್ಲಿ ಇನ್ನೂರು ಕ್ವೇಲ್ ಮರಿ ತಂದು ಬಿಟ್ಟಿದ್ದ. ಕೌಜುಗ, ಗೌಜಲಕ್ಕಿ ಅಂತಾನೂ ಕರೀತಾರಲ್ಲ, ಅದೇ. ದುಡ್ಡು ಅವನ ಹೆಂಡತಿಯ ಸಂಘದ ಸಾಲ. ಒಂದು ರಾತ್ರಿ ಫೋನು. "ಅಣ್ಣಾ, ಇಬ್ರು ಬಂದಿದ್ರು. ಇದು ಕಾಡುಹಕ್ಕಿ, ಪರ್ಮಿಟ್ ತೋರ್ಸು, ಇಲ್ಲಾಂದ್ರೆ ಒಳಗೆ ಹಾಕ್ತೇವೆ ಅಂದ್ರು. ಮರಿ ಎಲ್ಲಾ ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲೆ ಇಟ್ಟಿದೇನೆ." ಬಂದವರು ಯಾರು, ಯಾವ ಕಚೇರಿ ಅನ್ನೋದು ಇಲ್ಲಿ ಬೇಡ. ಬೆಳಿಗ್ಗೆ ಚೀಲ ಬಿಚ್ಚಿದಾಗ ನಲವತ್ತು ಮರಿ ಸತ್ತಿದ್ದವು. ಅವು ರೋಗಕ್ಕೆ ಸಾಯಲಿಲ್ಲ, ನಮ್ಮ ಹೆದರಿಕೆಗೆ ಸತ್ತವು.

ಈ ಹೆದರಿಕೆ ನಿನ್ನೆ ಮೊನ್ನೆಯದಲ್ಲ. ಅದಕ್ಕೊಂದು ಚರಿತ್ರೆ ಇದೆ.

ಭಟ್ಕಳ, ಹೊನ್ನಾವರ, ಕುಮಟಾ ಸೇರಿದ ನಮ್ಮ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯ್ತು. 1878ರಲ್ಲಿ ಎರಡು ಕಾನೂನು ಬಂದವು. ಒಂದು ಅರಣ್ಯ ಕಾಯ್ದೆ, ಇನ್ನೊಂದು ಶಸ್ತ್ರಾಸ್ತ್ರ ಕಾಯ್ದೆ. ಒಂದರಿಂದ ಬೆಟ್ಟ ಸರ್ಕಾರದ್ದಾಯ್ತು, ಇನ್ನೊಂದರಿಂದ ಬಂದೂಕು ಲೈಸೆನ್ಸಿನವರದ್ದಾಯ್ತು. 1912ರ ಕಾಡುಹಕ್ಕಿ ಮತ್ತು ಪ್ರಾಣಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕಾಡುಕೋಳಿ, ಕೌಜುಗ, ನವಿಲು, ಪಾರಿವಾಳ ಎಲ್ಲ ಇದ್ದವು. ಇಂತಿಂಥ ತಿಂಗಳು ಹೊಡೆಯುವಂತಿಲ್ಲ ಅಂತ ಸರ್ಕಾರ ಗೊತ್ತುಮಾಡಬಹುದಿತ್ತು. ಉಳಿದ ತಿಂಗಳು? ಬಂದೂಕು ಇದ್ದವರಿಗೆ ಶಿಕಾರಿ.

ಇಂಗ್ಲಿಷಿನಲ್ಲಿ ಇವಕ್ಕೆ 'ಗೇಮ್ ಬರ್ಡ್' ಅಂತಾರೆ. ಗೇಮ್ ಅಂದ್ರೆ ಆಟ. ಯಾರಿಗೆ ಆಟ, ಯಾರಿಗೆ ಹೊಟ್ಟೆಪಾಡು ಅನ್ನೋದು ಆ ಹೆಸರಲ್ಲೇ ಇದೆ.

ನನ್ನಜ್ಜ ಹೊನ್ನಾವರದ ಬೆಟ್ಟದ ಬುಡದಲ್ಲಿ ಒಡೆಯರ ಗದ್ದೆ ಆಳು. ಶಿಕಾರಿಗೆ ನೆಂಟರು ಬಂದಾಗ ಪೊದೆ ಬಡಿದು ಹಕ್ಕಿ ಎಬ್ಬಿಸೋದು ಅಜ್ಜನ ಕೆಲಸ, ಹೊಡೆಯೋದು ಅವರ ಕೆಲಸ. ಬಿದ್ದ ಹಕ್ಕಿಯನ್ನು ಹೆಕ್ಕಿ ತಂದರೂ ಜಗಲಿ ಹತ್ತುವಂತಿಲ್ಲ, ಅಂಗಳದಲ್ಲೇ ಇಟ್ಟು ಬರಬೇಕು. ಅದೇ ಅಜ್ಜ ಗದ್ದೆ ಅಂಚಿಗೆ ಉರುಲು ಹಾಕಿದರೆ ಅದು ಕಳ್ಳಬೇಟೆ. 1927ರ ಅರಣ್ಯ ಕಾಯ್ದೆಯ 26ನೇ ಕಲಂ ತೆಗೆದು ನೋಡಿ. ಕಾಯ್ದಿಟ್ಟ ಕಾಡಿನಲ್ಲಿ ನಿಯಮ ಮೀರಿ ಬಂದೂಕು ಹೊಡೆಯೋದೂ ತಪ್ಪು, ಉರುಲು ಒಡ್ಡೋದೂ ತಪ್ಪು. ಕಾಗದದಲ್ಲಿ ಇಬ್ಬರೂ ಸಮಾನರು. ಆದರೆ ನಿಯಮದೊಳಗೆ ಹೊಡೆಯೋಕೆ ಬೇಕಾದ ಲೈಸೆನ್ಸು ಯಾರ ಪೆಟ್ಟಿಗೆಯಲ್ಲಿತ್ತು? ಅದೇ 1927ರ ಮಾರ್ಚಿನಲ್ಲಿ, ಅದೇ ಮುಂಬೈ ಪ್ರಾಂತ್ಯದ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಲು ಹೋರಾಡಬೇಕಾಯ್ತು. ಅಲ್ಲಿ ನೀರು, ಇಲ್ಲಿ ಬೆಟ್ಟ.

ಸ್ವಾತಂತ್ರ್ಯ ಬಂತು. 1951ರಲ್ಲಿ ಮುಂಬೈ ರಾಜ್ಯ ತನ್ನದೇ ವನ್ಯಪ್ರಾಣಿ, ಪಕ್ಷಿ ಸಂರಕ್ಷಣಾ ಕಾಯ್ದೆ ಮಾಡಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1972ರಲ್ಲಿ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ತಮಾಷೆ ಕೇಳಿ. ಅದರ ಅನುಸೂಚಿಗಳಲ್ಲೂ 'ಬಿಗ್ ಗೇಮ್', 'ಸ್ಮಾಲ್ ಗೇಮ್' ಅಂತಲೇ ಇತ್ತು. ಬೇಟೆಗೆ ಲೈಸೆನ್ಸೂ ಇತ್ತು. ಅದನ್ನು ಪೂರ್ತಿ ಕಿತ್ತುಹಾಕಿದ್ದು 1991ರ ತಿದ್ದುಪಡಿ. ಅಂದ್ರೆ ದುಡ್ಡಿದ್ದವರ ಆಟ ಗಣರಾಜ್ಯ ಬಂದ ಮೇಲೂ ನಲವತ್ತು ವರ್ಷ ಕಾನೂನುಬದ್ಧವಾಗಿಯೇ ಇತ್ತು. 2006ರ ಅರಣ್ಯ ಹಕ್ಕು ಕಾಯ್ದೆ 'ಚಾರಿತ್ರಿಕ ಅನ್ಯಾಯ' ಆಗಿದೆ ಅಂತ ಒಪ್ಪಿತು. ಆದರೆ ಬುಡಕಟ್ಟಿನವರಲ್ಲದ ನಮ್ಮಂಥವರಿಗೆ ಮೂರು ತಲೆಮಾರಿನ, ಅಂದ್ರೆ 75 ವರ್ಷದ ಸಾಕ್ಷಿ ಕೇಳಿತು. ಬೇಟೆಯನ್ನಂತೂ ಹಕ್ಕಿನ ಪಟ್ಟಿಯಿಂದಲೇ ಹೊರಗಿಟ್ಟಿತು.

ನಾನು ಬೇಟೆ ಬೇಕು ಅಂತಿಲ್ಲ. ಕಾಡುಕೋಳಿ ಕಾಡಲ್ಲೇ ಇರಲಿ, ಕೂಗಲಿ. ನನ್ನ ಪ್ರಶ್ನೆ ಬೇರೆ. ಕಾನೂನು ನಮ್ಮ ಕೇರಿಗೆ ಯಾವತ್ತೂ ಬೆದರಿಕೆಯಾಗಿಯೇ ಯಾಕೆ ಬರುತ್ತೆ, ತಿಳುವಳಿಕೆಯಾಗಿ ಯಾಕೆ ಬರಲ್ಲ?

ಈಗ ಕ್ವೇಲ್ ವಿಷಯಕ್ಕೆ ಬರ್ತೇನೆ. ಫಾರ್ಮಿನಲ್ಲಿ ಸಾಕೋದು ಜಪಾನಿ ಕ್ವೇಲ್. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರಪ್ರದೇಶದ ಇಜ್ಜತ್‌ನಗರಕ್ಕೆ ತಂದು, ಸರ್ಕಾರದ ವಿಜ್ಞಾನಿಗಳೇ ತಳಿ ಬೆಳೆಸಿ ರೈತರಿಗೆ ಕೊಟ್ಟ ಹಕ್ಕಿ ಅದು. ಹದಿನೇಳು ಹದಿನೆಂಟು ದಿನಕ್ಕೆ ಮರಿ, ಆರೇಳು ವಾರಕ್ಕೆ ಮೊಟ್ಟೆ. ಜಾಗ ಕಡಿಮೆ ಸಾಕು, ಸೆಂಟ್ಸ್ ಲೆಕ್ಕದ ಮನೆಯವರಿಗೆ ಹೇಳಿ ಮಾಡಿಸಿದ್ದು. ಆದರೆ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ, ಕ್ವೇಲ್ ವನ್ಯಜೀವಿ ಅನುಸೂಚಿಯಲ್ಲಿದೆ, ಹೊಸ ಫಾರ್ಮಿಗೆ ಲೈಸೆನ್ಸ್ ಇಲ್ಲ ಅಂದುಬಿಟ್ಟಿತು. ಸಾಕಣೆದಾರರು ದನಿ ಎತ್ತಿದ ಮೇಲೆ ಜಪಾನಿ ಕ್ವೇಲನ್ನು ಆ ನಿರ್ಬಂಧದಿಂದ ಬಿಟ್ಟರು. ನಿರ್ಬಂಧದ ಸುದ್ದಿ ಊರೂರು ತಿರುಗಿತು, ಬಿಟ್ಟ ಸುದ್ದಿ ಕೇರಿವರೆಗೆ ಬರಲೇ ಇಲ್ಲ. ನನ್ನ ತಮ್ಮನ ನಲವತ್ತು ಮರಿ ಸತ್ತದ್ದು ಈ ಎರಡು ಸುದ್ದಿಗಳ ನಡುವೆ.

ಹಾಗಾಗಿ ನೆನಪಿಡಿ.

ಗದ್ದೆಯಲ್ಲಿ, ಬೆಟ್ಟದಲ್ಲಿ ಸಿಗೋ ಕೌಜುಗ, ಕಾಡುಕೋಳಿ, ನವಿಲು ಯಾವುದನ್ನೂ ಹಿಡಿದು ಸಾಕಬೇಡಿ. ಮೊಟ್ಟೆ ತಂದು ಮನೆಕೋಳಿ ಅಡಿ ಕಾವಿಗೆ ಇಡೋದೂ ಕಾನೂನಿನ ಕಣ್ಣಲ್ಲಿ ಬೇಟೆಯೇ. ಮಕ್ಕಳಿಗೂ ಹೇಳಿ. 2022ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ತಪ್ಪಿಗೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ಸಾಕೋದಾದ್ರೆ ಹ್ಯಾಚರಿಯಿಂದಲೇ ಮರಿ ತನ್ನಿ. ಬಿಲ್ಲಿನಲ್ಲಿ 'ಜಪಾನಿ ಕ್ವೇಲ್', ಸಂಖ್ಯೆ, ತಾರೀಖು ಬರೆಸಿಕೊಳ್ಳಿ. ಯಾಕಂದ್ರೆ 57ನೇ ಕಲಂ ಪ್ರಕಾರ ಕಾಡುಪ್ರಾಣಿ ನಿಮ್ಮ ವಶದಲ್ಲಿ ಸಿಕ್ಕಿದ್ದು ಸಾಬೀತಾದ್ರೆ, ಅಕ್ರಮ ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಮಾತು ಅಲ್ಲಿಗೆ ಹೋಗೋ ಮೊದಲೇ ಬಿಲ್ಲು ಕೈಯಲ್ಲಿರಲಿ. ಪಂಚಾಯ್ತಿಗೆ, ಪಶು ಆಸ್ಪತ್ರೆಗೆ ಒಂದೊಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಮಾಂಸ, ಮೊಟ್ಟೆ ಮಾರೋದಾದ್ರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿ. ಕೋಳಿ ಫಾರ್ಮುಗಳಿಗೆ ಮಾಲಿನ್ಯ ಮಂಡಳಿಯ ಒಪ್ಪಿಗೆಯ ಮಾತು ಬರೋದು ಐದು ಸಾವಿರ ಹಕ್ಕಿ ದಾಟಿದ ಮೇಲೆ. ಇನ್ನೂರು ಮರಿಯವರು ಅದಕ್ಕೆ ಹೆದರಬೇಕಿಲ್ಲ. ಯಾರಾದ್ರೂ ಬಂದು ಹೆದರಿಸಿದ್ರೆ ಕೇಳೋದು ಒಂದೇ ಮಾತು: "ಸಾರ್, ಯಾವ ಕಲಂ? ಬರೆದು ಕೊಡಿ."

ತಮ್ಮ ಮಾರನೇ ದಿನ ಹ್ಯಾಚರಿಗೆ ಹೋಗಿ ಬಿಲ್ಲಿನ ನಕಲು ತಂದ. ಬಂದವರಿಗೆ ತೋರಿಸಿದ. "ಮೊದಲೇ ಹೇಳೋದಲ್ವಾ" ಅಂದು ಹೊರಟುಹೋದರಂತೆ. ಉಳಿದ ನೂರ ಅರವತ್ತು ಹಕ್ಕಿ ಈಗ ಮೊಟ್ಟೆ ಇಡ್ತಿವೆ. ಬಿಲ್ಲನ್ನು ಅವನು ಬಾಬಾಸಾಹೇಬರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾನೆ.

ಅಜ್ಜನ ಹತ್ತಿರ ಒಂದು ಕಾಗದವೂ ಇರಲಿಲ್ಲ. ನಮ್ಮ ಹತ್ತಿರ ಇರಲಿ. ಜೈಭೀಮ್.