ಮಾದಕ: ಅಮಲು ಯಾರದು?

ಎಲ್.ಆರ್. ಈಶ್ವರಿ ಅವರ ಹೆಸರು ಬಂದ ಕೂಡಲೇ ಕನ್ನಡದ ಸಿನಿಮಾ ಬರಹಗಾರರ ಲೇಖನಿ ತಾನಾಗಿ ‘ಮಾದಕ ಧ್ವನಿ’ ಎಂದು ಬರೆಯುತ್ತದೆ. ಹೊಸದಾಗಿ ಹೆಸರು ಮಾಡಿದ ಯುವ ಗಾಯಕಿ ಮಿನುಗುವ ಉಡುಪಿನಲ್ಲಿ ವೇದಿಕೆ ಏರಿದರೆ ‘ಮಾದಕ ನೋಟ’, ‘ಮಾದಕ ಭಂಗಿ’ ಎಂಬ ಚಿತ್ರಶೀರ್ಷಿಕೆ ಸಿದ್ಧವಾಗಿರುತ್ತದೆ. ಅದೇ ಪತ್ರಿಕೆಯ ಅಪರಾಧ ಪುಟದಲ್ಲಿ ಗಾಂಜಾ, ಅಫೀಮು, ಎಂಡಿಎಂಎ ಸುದ್ದಿಗಳಿಗೂ ಇದೇ ಪದ ಬೇಕು: ಮಾದಕ ವಸ್ತು, ಮಾದಕ ವ್ಯಸನ, ಮಾದಕ ಜಾಲ. ಒಂದು ಪುಟದಲ್ಲಿ ಮೆಚ್ಚುಗೆಯಾದ ಪದ ಇನ್ನೊಂದರಲ್ಲಿ ಅಪಾಯದ ಎಚ್ಚರಿಕೆ. ಇವು ಪದದ ಎರಡು ಅರ್ಥಗಳು ಎಂದು ಸುಮ್ಮನಾಗುವಂತಿಲ್ಲ, ಏಕೆಂದರೆ ಎರಡೂ ಕಡೆ ಪದ ಮಾಡುವ ಕೆಲಸ ಒಂದೇ. ಕೇಳಿದವರಲ್ಲಿ, ನೋಡಿದವರಲ್ಲಿ, ಸೇವಿಸಿದವರಲ್ಲಿ ಹುಟ್ಟಿದ ಅಮಲನ್ನು ಅದು ಎದುರಿಗಿರುವುದರ ಗುಣವಾಗಿಸುತ್ತದೆ. ಗಾಂಜಾ ಸೊಪ್ಪಿಗೆ ಇದರಿಂದ ಅನ್ಯಾಯವಿಲ್ಲ. ಹಾಡುವ ಹೆಣ್ಣಿಗೆ ಇದೆ. ಅವಳ ವಿದ್ಯೆಯನ್ನು ಮರೆಮಾಡಿ ಕೇಳುಗನ ಹೊಣೆಯನ್ನು ಅವಳ ಹೆಗಲಿಗೆ ದಾಟಿಸುವ ಪದ ಇದು ಎಂಬುದು ನನ್ನ ವಾದ.

ಪದದ ಕುಲವನ್ನು ನೋಡಿದರೆ ಈ ದಾಟಿಸುವಿಕೆ ಸ್ಪಷ್ಟವಾಗುತ್ತದೆ. ಮೂಲ ಸಂಸ್ಕೃತದ ‘ಮದ್’ ಧಾತು. ಆನೆಯ ಕಪೋಲದಿಂದ ಒಸರುವ ದ್ರವ ಮದ. ಅರಿಷಡ್ವರ್ಗಗಳಲ್ಲಿ ಐದನೆಯದೂ ಮದ. ಆನೆಗೆ ಮದವೇರಿದರೆ ಅದು ಆನೆಯದೇ ಸ್ಥಿತಿ. ಮನುಷ್ಯನಿಗೆ ಅಧಿಕಾರದ ಮದವೇರಿದರೆ ಇಳಿಸಿಕೊಳ್ಳಬೇಕಾದವನು ಅವನೇ. ಮತ್ತ, ಉನ್ಮಾದ, ಪ್ರಮಾದಗಳೂ ಅನುಭವಿಸುವವನ ಕಡೆ ನಿಂತ ಪದಗಳು. ನಮ್ಮ ಆಡುಮಾತು ಇನ್ನೂ ನಿಖರ. ‘ಅವನಿಗೆ ಮತ್ತೇರಿತು’, ‘ಅವನಿಗೆ ಅಮಲು ಹತ್ತಿತು’ ಎನ್ನುತ್ತೇವೆ; ಅಲ್ಲಿನ ಚತುರ್ಥಿ ವಿಭಕ್ತಿಯೇ ಅಮಲು ಯಾರಿಗೆ ಸೇರಿದ್ದೆಂದು ಹೇಳಿಬಿಡುತ್ತದೆ. ಮಾದಕ ಈ ಸಾಲನ್ನು ಬಿಟ್ಟು ಮದ್ಯ, ಮದಿರೆಗಳ ಸಾಲಿಗೆ ಹೋಗಿ ನಿಲ್ಲುತ್ತದೆ. ಅದು ಅಮಲು ಬರಿಸುವ ವಸ್ತುವಿನ ಹೆಸರು. ವಸ್ತುವಿಗೆ ಇಚ್ಛೆಯಿಲ್ಲ, ಅಭ್ಯಾಸವಿಲ್ಲ, ಆಯ್ಕೆಯಿಲ್ಲ. ಗಾಯಕಿಗೆ ಈ ಮೂರೂ ಇವೆ, ಮತ್ತು ಇವು ಮೂರೂ ಸೇರಿಯೇ ಅವಳು ಗಾಯಕಿಯಾಗುವುದು.

ಈಶ್ವರಿ ಅವರ ವೃತ್ತಿಯನ್ನೇ ತೆಗೆದುಕೊಳ್ಳಿ. 1939ರಲ್ಲಿ ಹುಟ್ಟಿದ ಅವರು ಮದರಾಸಿನ ಸ್ಟುಡಿಯೊಗಳಲ್ಲಿ ಕೋರಸ್ ಗಾಯಕಿಯಾಗಿ ಆರಂಭಿಸಿ, 1961ರ ತಮಿಳಿನ ‘ಪಾಸಮಲರ್’ ಹೊತ್ತಿಗೆ ಮನೆಮಾತಾದರು. ಕನ್ನಡದಲ್ಲಿ ‘ಪರೋಪಕಾರಿ’ (1970), ‘ಸಂಶಯ ಫಲ’ (1971) ಚಿತ್ರಗಳ ಹಾಡುಗಳು ಅವರಿಗೆ ‘ಮಾದಕ’ ಪಟ್ಟವನ್ನು ಖಾಯಂ ಮಾಡಿದವು. ಆ ಕಾಲದ ಧ್ವನಿಮುದ್ರಣ ಹೇಗಿತ್ತು ಎಂಬುದು ಇಲ್ಲಿ ಮುಖ್ಯ. ಇಡೀ ವಾದ್ಯವೃಂದ ಒಟ್ಟಿಗೆ ನುಡಿಸುವಾಗಲೇ ಗಾಯಕರು ಹಾಡಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕಿತ್ತು. ಅಂಥ ಸ್ಥಿತಿಯಲ್ಲಿ ಸ್ವರದ ನಡುವೆ ಒಂದು ನಗೆ, ಪಲ್ಲವಿಯ ಕೊನೆಗೆ ಒಂದು ಉಸಿರು, ಚರಣದ ಹೊಸ್ತಿಲಲ್ಲಿ ಒಂದು ಬಿಕ್ಕು, ಇವು ತಾಳ ತಪ್ಪದೆ, ಶ್ರುತಿ ಜಾರದೆ ಬರಬೇಕು. ಅಮಲಿನ ದನಿ ತೆಗೆಯಲು ಹಾಡುವವರು ಪೂರ್ತಿ ಎಚ್ಚರದಲ್ಲಿರಬೇಕು. ಆ ಎಚ್ಚರಕ್ಕೆ, ಆ ಲೆಕ್ಕಾಚಾರಕ್ಕೆ ‘ಮಾದಕ’ ಪದದಲ್ಲಿ ಜಾಗವೇ ಇಲ್ಲ. ಇದೇ ಈಶ್ವರಿ ಹಾಡಿದ ಅಮ್ಮನ ಭಕ್ತಿಗೀತೆಗಳು ಆಡಿ ಮಾಸದಲ್ಲಿ ತಮಿಳುನಾಡಿನ ಮಾರಿಯಮ್ಮನ ಗುಡಿಗಳ ಧ್ವನಿವರ್ಧಕಗಳಲ್ಲಿ ಮೊಳಗುತ್ತವೆ. ಕಂಠ ಅದೇ, ಉಸಿರು ಅದೇ. ಮಾದಕತೆ ಧ್ವನಿಯ ಸಹಜ ಗುಣವಾಗಿದ್ದರೆ ಗುಡಿಯ ಮುಂದೆ ಅದು ಎಲ್ಲಿ ಹೋಯಿತು? ಹಾಡು ಬೇಡಿದ್ದನ್ನು ಗಾಯಕಿ ಕೊಟ್ಟರು ಎಂಬುದೊಂದೇ ಇದಕ್ಕಿರುವ ಉತ್ತರ.

ನೆರೆಯ ಗೋವಾದಲ್ಲಿ ಲೋರ್ನಾ ಕೊರ್ಡೇರೊ ಅವರ ಕಥೆ ಈ ಮಾತಿಗೆ ಇನ್ನೊಂದು ದಿಕ್ಕಿನಿಂದ ಬಲ ಕೊಡುತ್ತದೆ. ಹಳೆ ಗೋವಾದ ಪಕ್ಕದ ಕೊರ್ಲಿಮ್‌ನಿಂದ ಹಿಡಿದು ನಮ್ಮ ಮಂಗಳೂರಿನವರೆಗೆ ಕೊಂಕಣಿ ಮದುವೆಯ ಕುಣಿತಕ್ಕೆ ಇವತ್ತಿಗೂ ಅವರ ಹಾಡು ಬೇಕು. ಹದಿಹರೆಯದಲ್ಲೇ ಬೊಂಬಾಯಿಯ ನೈಟ್‌ಕ್ಲಬ್‌ಗಳಲ್ಲಿ ಕ್ರಿಸ್ ಪೆರಿ ಅವರ ಬ್ಯಾಂಡಿನ ಹಿತ್ತಾಳೆ ವಾದ್ಯಗಳ ಎದುರು ನಿಂತು ಹಾಡಿದವರು ಲೋರ್ನಾ. ಜಾಝ್ ಲಯವನ್ನು ಕೊಂಕಣಿಗೆ ತಂದ ಜೋಡಿ ಅದು. ಅವರ ಬಹು ಪ್ರಸಿದ್ಧ ಹಾಡುಗಳ ಹೆಸರೇ ‘ಬೆಬ್ದೊ’, ‘ಪಿಸ್ಸೊ’. ಎಂದರೆ ಕುಡುಕ, ಹುಚ್ಚ. ಅಮಲೇರಿದವನು ಯಾರೆಂದು ಕೊಂಕಣಿ ಇಲ್ಲಿ ನೇರವಾಗಿ ಪುಲ್ಲಿಂಗದಲ್ಲೇ ಹೇಳಿದೆ. ಹಾಡುವವಳು ಅವನನ್ನು ಎಚ್ಚರದ ಕಣ್ಣಿನಿಂದ ನೋಡುವವಳು. ಆದರೂ ಬದುಕಿನಲ್ಲಿ ಬೆಲೆ ತೆತ್ತವರು ಲೋರ್ನಾ. ಆ ಜೋಡಿ ಬೇರೆಯಾದ ಮೇಲೆ ಪೆರಿ ಸಂಗೀತ ಮುಂದುವರಿಸಿ ದುಬೈನಲ್ಲಿ ಸಂಗೀತ ಶಾಲೆ ನಡೆಸಿದರೆ, ಲೋರ್ನಾ ಬಹುಕಾಲ ಹಾಡನ್ನೇ ನಿಲ್ಲಿಸಿ 1995ರಲ್ಲಷ್ಟೇ ವೇದಿಕೆಗೆ ಮರಳಿದರು. ಅವರಿಬ್ಬರ ಹಾಡುಗಳನ್ನೂ ಬದುಕನ್ನೂ ಆಧರಿಸಿ ಬಾರ್ಡ್ರಾಯ್ ಬರೆಟೊ ನಿರ್ದೇಶಿಸಿದ ‘ನಾಚೊಂ-ಇಯಾ ಕುಂಪಸಾರ್’ 2014ರ ಸಾಲಿನ ಅತ್ಯುತ್ತಮ ಕೊಂಕಣಿ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಪಡೆಯಿತು. ಗೋವಾ ಇಂದು ಲೋರ್ನಾ ಅವರನ್ನು ತನ್ನ ಕೋಗಿಲೆ ಎಂದು ಕರೆದುಕೊಳ್ಳುತ್ತದೆ. ಆ ಗೌರವ ಪೂರ್ಣವಾಗಬೇಕಾದರೆ ಅವರ ಮೌನದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ವೇಷದ್ದು. ಕೆಣಕುವ ಉಡುಪು ತೊಟ್ಟು ಕೆಣಕುವ ಹಾಡು ಹಾಡಿದ ಮೇಲೆ ಆ ಪದ ತಾನಾಗಿ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಷಾ ಉತ್ತುಪ್ ಅವರ ಅನುಭವ ಈ ಪ್ರಶ್ನೆಗೆ ಉತ್ತರ. 1969ರಲ್ಲಿ ಮದರಾಸಿನ ನೈನ್ ಜೆಮ್ಸ್ ಎಂಬ ಕ್ಲಬ್ಬಿನಲ್ಲಿ ಹಾಡಲು ಆರಂಭಿಸಿದ ಅವರು ಉಟ್ಟದ್ದು ಸೀರೆ, ಇಟ್ಟದ್ದು ದೊಡ್ಡ ಕುಂಕುಮ. ಆದರೂ 1980ರ ದಶಕದಲ್ಲಿ ಪಶ್ಚಿಮ ಬಂಗಾಳದ ಲೋಕೋಪಯೋಗಿ ಸಚಿವ ಜತೀನ್ ಚಕ್ರವರ್ತಿ, ಉಷಾ ಅವರ ಹಾಡುಗಾರಿಕೆಯನ್ನು ‘ಅಪಸಂಸ್ಕೃತಿ’ ಎಂದು ಜರೆದರು. ಸರ್ಕಾರಿ ಸಭಾಂಗಣಗಳ ಬಾಗಿಲು ಮುಚ್ಚಿತು. ಉಷಾ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಈಶ್ವರಿ ಅವರಂತೂ ಹಿನ್ನೆಲೆ ಗಾಯಕಿ. ತೆರೆಯ ಮೇಲೆ ಕುಣಿದವರು ಬೇರೆಯವರು. ಮೈಮುಚ್ಚಿದ ಗಾಯಕಿಗೂ, ಕಾಣಿಸದ ಗಾಯಕಿಗೂ ಒಂದೇ ಬಗೆಯ ಆಪಾದನೆ ಬಂದಿದೆ ಎಂದ ಮೇಲೆ ಕಾರಣ ಉಡುಪಿನಲ್ಲಿಲ್ಲ. ಹೆಣ್ಣು ಶೃಂಗಾರವನ್ನು ತಾನೇ ನುಡಿಯುವಾಗ ಸಮಾಜಕ್ಕೆ ಆಗುವ ಕಸಿವಿಸಿಯಲ್ಲಿ ಅದು ಇದೆ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ಇದನ್ನು ಶತಮಾನದ ಹಿಂದೆಯೇ ಕಂಡರು. ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಶೃಂಗಾರಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಪ್ರಕಟಿಸಿ, ಶೃಂಗಾರ ಬರೆದರೆ ನಾಚಬೇಕಾದವಳು ಹೆಣ್ಣೊಬ್ಬಳೇ, ಗಂಡಿಗೆ ಆ ನಿಯಮವಿಲ್ಲವೇ ಎಂದು ವಿದ್ವಾಂಸರನ್ನು ಪ್ರಶ್ನಿಸಿದರು. ಬ್ರಿಟಿಷ್ ಸರ್ಕಾರ ಆ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

ಗಂಡಸರನ್ನೂ ಜನ ಬಿಡುವುದಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ನಿಜ. ‘3 ಪೆಗ್’ ಹಾಡಿನಿಂದ ಮನೆಮಾತಾಗಿ 2018ರಲ್ಲಿ ಬಿಗ್ ಬಾಸ್ ಕನ್ನಡದ ಐದನೇ ಆವೃತ್ತಿ ಗೆದ್ದ ಚಂದನ್ ಶೆಟ್ಟಿ ಅವರನ್ನು, ಗಾಂಜಾ ಕುರಿತ ಹಾಡೊಂದಕ್ಕಾಗಿ ಬೆಂಗಳೂರಿನ ಸಿಸಿಬಿ ಪೊಲೀಸರು ವಿಚಾರಣೆಗೆ ಕರೆದದ್ದುಂಟು. 2020ರಲ್ಲಿ ‘ಕೋಲು ಮಂಡೆ’ ವಿಡಿಯೊದಲ್ಲಿ ಮಲೆ ಮಹದೇಶ್ವರನ ಜನಪದ ಕಥೆಯ ಸಂಕಮ್ಮನನ್ನು ತೋರಿಸಿದ ರೀತಿಗೆ ಆ ದೇವರ ಭಕ್ತರು ಸಿಟ್ಟಾದಾಗ ಅವರು ಕ್ಷಮೆ ಕೇಳಿದರು. ಆದರೆ ವ್ಯತ್ಯಾಸ ಗಮನಿಸಿ. ಆಕ್ಷೇಪಕ್ಕೆ ಒಳಗಾದದ್ದು ಒಂದು ಹಾಡು, ಒಂದು ದೃಶ್ಯ, ಒಂದು ಕೃತ್ಯ. ಅದಕ್ಕೆ ವಿವರಣೆ ಕೊಡಬಹುದು, ಕ್ಷಮೆ ಕೇಳಬಹುದು, ಮುಂದೆ ಸಾಗಬಹುದು. ಮದ್ಯವನ್ನೇ ಹಾಡಿದವನ ಧ್ವನಿಯನ್ನು ಕನ್ನಡ ‘ಮಾದಕ’ ಎನ್ನಲಿಲ್ಲ, ಪಾರ್ಟಿ ಹಾಡು ಎಂದು ಹಾಡಿಗೇ ಹೆಸರಿಟ್ಟಿತು. ಗಾಯಕಿಯ ವಿಷಯದಲ್ಲಿ ಹೆಸರು ಹಾಡನ್ನು ದಾಟಿ ಅವಳ ಕಂಠಕ್ಕೆ, ಕಣ್ಣಿಗೆ, ಮೈಗೆ ಅಂಟುತ್ತದೆ. ಹಾಡಿಗೆ ಕ್ಷಮೆ ಕೇಳಬಹುದು. ಕಂಠಕ್ಕೆ ಕೇಳುವುದು ಹೇಗೆ?

ಕೊನೆಯ ಆಕ್ಷೇಪ ಇಂದಿನದು, ಎಲ್ಲಕ್ಕಿಂತ ಗಟ್ಟಿಯಾದದ್ದು. ಈಗಿನ ಯುವ ಪಾಪ್ ಗಾಯಕಿಯರು ತಮ್ಮ ಕೆಣಕುವ ಚಿತ್ರವನ್ನು ತಾವೇ ಕಟ್ಟಿಕೊಳ್ಳುತ್ತಾರೆ, ಯೂಟ್ಯೂಬು, ಇನ್‌ಸ್ಟಾಗ್ರಾಂಗಳಲ್ಲಿ ಅದರಿಂದಲೇ ಬೆಳೆಯುತ್ತಾರೆ. ಅವರೇ ಒಪ್ಪಿದ ಮೇಲೆ ನಮಗೇನು? ಮಾರುಕಟ್ಟೆಯ ಒತ್ತಡ ಈ ಒಪ್ಪಿಗೆಯ ಹಿಂದೆ ಇದ್ದೇ ಇದೆ, ಅದನ್ನು ಟೀಕಿಸಲೇಬೇಕು. ಹಾಡು ಸೊರಗಿ ಚಿತ್ರವೊಂದೇ ಉಳಿದಿದ್ದರೆ ಅದನ್ನೂ ಹೇಳಬೇಕು. ಆದರೆ ಒಬ್ಬಳು ತಾನೇ ರೂಪಿಸಿಕೊಂಡ ವೇಷ ಅವಳ ರಚನೆ. ರಾಗದ ಆಯ್ಕೆಯಂತೆ, ತಾಳದ ಆಯ್ಕೆಯಂತೆ ಅದನ್ನು ಚರ್ಚಿಸಬಹುದು, ತಿರಸ್ಕರಿಸಲೂಬಹುದು. ‘ಮಾದಕ’ ಎಂದೊಡನೆ ಆ ಚರ್ಚೆ ನಿಂತುಹೋಗುತ್ತದೆ, ಏಕೆಂದರೆ ಪದ ಅವಳ ಆಯ್ಕೆಯನ್ನು ಅವಳ ಪ್ರಕೃತಿಯಾಗಿಸಿಬಿಟ್ಟಿರುತ್ತದೆ. ಮುಂದೆ ಯಾರೋ ಅವಳನ್ನು ಹಿಂಬಾಲಿಸಿದರೆ, ಕಮೆಂಟುಗಳಲ್ಲಿ ಹೀನಾಯವಾಗಿ ಬೈದರೆ, ಪ್ರಚೋದಿಸಿದವಳು ಅವಳೇ ಎಂಬ ತೀರ್ಪಿಗೆ ಬೇಕಾದ ಪೀಠಿಕೆಯನ್ನು ನಮ್ಮ ವಿಶೇಷಣ ಆಗಲೇ ಬರೆದಿರುತ್ತದೆ.

ಪದವನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಗಾಂಜಾಕ್ಕೆ, ಅಫೀಮಿಗೆ ಅದು ಸರಿಯಾದ ಪದ, ಅಲ್ಲೇ ಇರಲಿ. ಗಾಯಕಿಯ ಬಗ್ಗೆ ಬರೆಯುವಾಗ ಅವಳು ಮಾಡಿದ್ದನ್ನು ಬರೆಯೋಣ: ಉಸಿರನ್ನು ಎಲ್ಲಿ ತಡೆದಳು, ಸ್ವರವನ್ನು ಎಲ್ಲಿ ಬಾಗಿಸಿದಳು, ಯಾವ ಅಕ್ಷರದ ಮೇಲೆ ನಕ್ಕಳು. ಕೇಳಿ ಮೈಮರೆತದ್ದು ನಿಜವಾದರೆ ಅದನ್ನೂ ಮುಚ್ಚಿಡಬೇಕಿಲ್ಲ; ‘ನನಗೆ ಮತ್ತೇರಿತು’ ಎನ್ನಲು ಕನ್ನಡದಲ್ಲಿ ವಿಭಕ್ತಿ ಇದೆ. ಹಾಗೆ ಬರೆದವನು ತನ್ನ ಅಮಲಿನ ಹೊಣೆಯನ್ನು ತಾನೇ ಹೊರುತ್ತಾನೆ, ಹಾಡಿದ ಶ್ರೇಯಸ್ಸನ್ನು ಹಾಡಿದವಳಿಗೆ ಕೊಡುತ್ತಾನೆ.