ಕುಂದಗೋಳದ ರೈಲು, ಗಂಗೂಬಾಯಿಯವರ ಎರಡು ದನಿ

 

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಹೋದ ತಿಂಗಳು ಎರಡು ಸಂಚಿಕೆ ಬರಲಿಲ್ಲ. ಆರಾಮಿಲ್ಲ ಅಂತ ಮೆಸೇಜ್ ಹಾಕಿದ್ದೆ. ಜ್ವರ ಏನೂ ಇರಲಿಲ್ಲ. ಸಾಕಾಗಿತ್ತು, ಅಷ್ಟೇ. ನಾನು ಕುಬಿಹಾಳದವನು. ಬಿ.ಕಾಂ. ಓದಿದೀನಿ, ಹಗಲು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೀತೀನಿ, ರಾತ್ರಿ ಊರಿಗೆ ಬಂದು ಇದನ್ನು ರೆಕಾರ್ಡ್ ಮಾಡ್ತೀನಿ. ಬ್ಯಾಂಕ್ ಪರೀಕ್ಷೆಯಲ್ಲಿ ನಾಲ್ಕನೇ ಸಲವೂ ನನ್ನ ನಂಬರ್ ಬರಲಿಲ್ಲ. ಆವತ್ತೇ ಮೈಕ್ ತೆಗೆದು ಟ್ರಂಕಿನೊಳಗೆ ಹಾಕಿದೆ. ನಾಲ್ಕು ದಿನ ಬಿಟ್ಟು ಅವ್ವ ಕೇಳಿದಳು: "ಯಾಕೋ, ರಾತ್ರಿ ನಿನ್ನ ಮಾತ ಕೇಳಸವಲ್ದು?" ನಾನು ಏನೂ ಹೇಳಲಿಲ್ಲ.

ಅದೇ ವಾರ ಕುಂದಗೋಳದಲ್ಲಿ ಸಂಜೆಯ ಬಸ್ ತಪ್ಪಿತು. ಹೋಗಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಂತೆ. ಅಲ್ಲಿ ಕುಂತಾಗ ನೆನಪಾದದ್ದೇ ಈ ಕಥೆ.

1930ರ ದಶಕದ ಕೊನೆ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇದೇ ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ರೈಲಿನಿಂದ ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಇಳೀತಿದ್ದರು. ಗಂಗೂಬಾಯಿ ಹಾನಗಲ್. ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ಓದಿದ್ದು ಐದನೇತ್ತೆಯವರೆಗೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡ್ತಿದ್ದರು. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿ ಆಗಬಾರದು ಅಂತ ಆ ತಾಯಿ ತಮ್ಮ ಹಾಡನ್ನೇ ಬಿಟ್ಟರು. 1932ರಲ್ಲಿ ಅವರೂ ತೀರಿಕೊಂಡರು. ಗಂಗೂಬಾಯಿಗೆ ಆಗ ಇನ್ನೂ ಇಪ್ಪತ್ತೂ ಆಗಿರಲಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳು, ಮನೆ ನಡೆಸುವ ಭಾರ ಬಹುಪಾಲು ಅವರ ಹಾಡಿನ ಮೇಲೇ. ಹಾದಿಯಲ್ಲಿ ಹೋದರೆ 'ಗಾನೇವಾಲಿ' ಅಂತ ಚುಚ್ಚುವ ಮಂದಿ ಬೇರೆ.

ಇಷ್ಟರ ನಡುವೆ ಅವರು ರೈಲು ಹತ್ತುತ್ತಿದ್ದರು. ಯಾಕಂದ್ರೆ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಇದ್ದರು. ಅವರ ಹೆಸರು ರಾಮಭಾವು ಕುಂದಗೋಳಕರ, ಹುಟ್ಟಿದ್ದು 1886ರಲ್ಲಿ. ಅವರದೂ ಹುಟ್ಟಿನಿಂದ ಬಂದ ಇಂಪಾದ ದನಿಯಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನರ ಹತ್ತಿರ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಮಾಡಿಕೊಂಡ ದನಿ. ಅಂಥ ಗುರು ಶಿಷ್ಯರಿಗೂ ಬೇಗ ಏನೂ ಕೊಡಲಿಲ್ಲ. ಒಂದು ತುಣುಕು ಹೇಳಿಕೊಟ್ಟರೆ, ಅದು ಸರಿಯಾಗುವ ತನಕ ಅದನ್ನೇ ಹಾಡಬೇಕು. ಜಿಪುಣ ರೊಕ್ಕ ಬಿಚ್ಚುವ ಹಾಗೆ ಸ್ವರ ಖರ್ಚು ಮಾಡಬೇಕು ಅನ್ನೋದು ಆ ಮನೆಯ ಪಾಠ. ಲೆಕ್ಕ ಬರೆಯುವವನು ನಾನು, ಈ ಮಾತು ನನಗೆ ಭಾಳ ಹಿಡಿಸ್ತದ.

ಅದೇ ಕಾಲಕ್ಕೆ ಅದೇ ಮನೆಯಲ್ಲಿ ಇನ್ನೊಬ್ಬ ಹುಡುಗ ನೀರು ಹೊರ್ತಿದ್ದ. ಗದಗಿನ ಭೀಮಸೇನ ಜೋಶಿ. ಹನ್ನೊಂದು ವರ್ಷಕ್ಕೆ ಗುರು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದವನು, ಗ್ವಾಲಿಯರ್, ಕಲಕತ್ತಾ, ಜಲಂಧರ್ ಅಂತ ತಿರುಗಿದವನು. ಕೊನೆಗೆ ಗುರು ಸಿಕ್ಕಿದ್ದು ತನ್ನ ಊರಿನ ಸಮೀಪವೇ ಇರುವ ಕುಂದಗೋಳದಲ್ಲಿ.

ಬೆಂಚಿನ ಮೇಲೆ ಕುಂತು ಒಂದು ವಿಷಯ ಯೋಚಿಸಿದೆ. ಹುಬ್ಬಳ್ಳಿ-ಕುಂದಗೋಳ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹೆಚ್ಚುಕಡಿಮೆ ಮೂರು ವರ್ಷದ ಓಡಾಟ. ಅಷ್ಟೂ ದಿನ ಆಕೆಗೆ ಹುರುಪು ಇತ್ತಾ? ಇರಲಿಕ್ಕಿಲ್ಲ ಅಂತ ನನಗನ್ನಿಸ್ತದ. ಆದರೆ ರೈಲಿಗೆ ಟೈಮ್ ಇತ್ತು. ನಿಮಗೆ ಹುರುಪು ಬಂತೋ ಇಲ್ಲೋ ಅಂತ ರೈಲು ಕೇಳೋದಿಲ್ಲ.

ದೊಡ್ಡ ಪೆಟ್ಟು ಆಮೇಲೆ ಬಂತು. ಗಂಟಲಿನ ತೊಂದರೆ, ಚಿಕಿತ್ಸೆ, ಅದಾದ ಮೇಲೆ ದನಿಯೇ ಬದಲಾಯಿತು. 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಅವರ ಗ್ರಾಮೋಫೋನ್ ರೆಕಾರ್ಡ್‌ಗಳು ಬಂದಿದ್ದವು. ಅದು ಸಪೂರ, ಎತ್ತರದ ದನಿ. ಆಮೇಲಿನ ದನಿ ಎಷ್ಟು ದಪ್ಪ ಅಂದ್ರೆ, ಹಾಡ್ತಿರೋದು ಗಂಡಸು ಅಂದುಕೊಂಡವರೂ ಇದ್ದಾರೆ. ಹಾಡಿ ಹೊಟ್ಟೆ ಹೊರೆಯುವವರಿಗೆ ಹೀಗಾದರೆ ಏನು ಅನ್ನಿಸಬೇಕು? ಅವರು ಹಳೇ ದನಿಗಾಗಿ ಕಾಯಲಿಲ್ಲ. ಇದ್ದ ದನಿಯಲ್ಲೇ, ಅದೇ ಪಾಠವನ್ನು ಹಾಡಿದರು. ಇವತ್ತು ಗಂಗೂಬಾಯಿ ಅಂದರೆ ಜಗತ್ತು ಗುರುತಿಸೋದು ಆ ಎರಡನೇ ದನಿಯನ್ನೇ.

ಅತ್ತ ಗುರುಗಳಿಗೆ 1940ರ ದಶಕದಲ್ಲಿ ಪಾರ್ಶ್ವವಾಯು ಹೊಡೆದು ಕಚೇರಿ ನಿಂತವು. 1952ರಲ್ಲಿ ತೀರಿಕೊಂಡರು. ಆದರೆ ಪಾಠ ನಿಲ್ಲಲಿಲ್ಲ. ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಶುರು ಮಾಡಿದರು, ಇವತ್ತಿಗೂ ನಡೀತದ. ಗಂಗೂಬಾಯಿಗೆ 2002ರಲ್ಲಿ ಪದ್ಮವಿಭೂಷಣ ಬಂತು. 2004ರಲ್ಲಿ, ಪಕ್ಕದಲ್ಲೇ ಕೂತು ಜೊತೆಗೆ ಹಾಡುತ್ತಿದ್ದ ಮಗಳು ಕೃಷ್ಣಾ ಕ್ಯಾನ್ಸರ್‌ನಿಂದ ಹೋದರು. ಅದಾದ ಮೇಲೂ, 2006ರಲ್ಲಿ, 93ನೇ ವಯಸ್ಸಿನಲ್ಲಿ, ಗಂಗೂಬಾಯಿ ವೇದಿಕೆ ಹತ್ತಿ ಹಾಡಿದರು. 2009ರಲ್ಲಿ ತೀರಿಕೊಂಡರು.

ಕಷ್ಟಪಟ್ಟರೆ ಎಲ್ಲರೂ ಗಂಗೂಬಾಯಿ ಆಗ್ತಾರೆ ಅಂತ ನಾನು ಹೇಳೋದಿಲ್ಲ. ಅದು ಸುಳ್ಳು ಲೆಕ್ಕ. ಅವರಿಗೆ ಹಾಡು ಬಿಟ್ಟುಕೊಟ್ಟ ತಾಯಿ ಇದ್ದರು, ಕುಂದಗೋಳದಲ್ಲಿ ಗುರು ಇದ್ದರು. ನಂಬಿಕೆ ಅನ್ನೋದು ಒಬ್ಬರೇ ಹೊರೋ ಮೂಟೆ ಅಲ್ಲ. ನಿಮಗೂ ಭಾಳ ದಿನದಿಂದ ಏನೂ ಬ್ಯಾಡ ಅನಸ್ತಿದ್ರೆ ಮನೆಯವರಿಗೆ ಹೇಳ್ರಿ. ಅದೂ ಆಗದಿದ್ರೆ 14416ಕ್ಕೆ ಫೋನ್ ಮಾಡ್ರಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಾಗ ಮಾತಾಡ್ತಾರ.

ಆವತ್ತು ಮನೆಗೆ ಬಂದು ಅವ್ವನಿಗೆ ಪರೀಕ್ಷೆಯ ವಿಷಯ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ, "ಉಂಡು ಮಲಕೊ. ನಾಳೆ ಬಸ್ಸು ಏಳಕ್ಕ ಐತಿ" ಅಂದಳು. ಮೈಕ್ ಹೊರಗೆ ತೆಗೆಯೋಕೆ ಇನ್ನೂ ಒಂದು ವಾರ ಹಿಡೀತು. ಈಗ ನೀವು ಕೇಳ್ತಿರೋದು ಅದರದೇ ದನಿ.

ಇವತ್ತು ಎರಡು ಧ್ವನಿಮುದ್ರಣ ಹುಡುಕಿ ಕೇಳ್ರಿ: ಗಾಂಧಾರಿ ಹುಬ್ಬಳ್ಳಿಯದು ಒಂದು, ಗಂಗೂಬಾಯಿ ಹಾನಗಲ್‌ರದು ಒಂದು. ಮುಂದಿನ ವಾರ ಸಿಗೋಣ. ಈ ಸಲ ತಪ್ಪಸಂಗಿಲ್ಲ. ಬರ್ತೀನ್ರಿ.