ರೆನಾರ್ ಮತ್ಸ್ಯಚಿತ್ರ ಸಂಪುಟ

ಇಂದಿನ ಇಂಡೊನೇಷ್ಯಾದ ಕಡಲಜೀವಿಗಳನ್ನು ಚಿತ್ರಿಸುವ ಡಚ್ ಮುದ್ರಣ. ಸುಮಾರು 1719ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಫ್ರೆಂಚ್ ಶೀರ್ಷಿಕೆಯೊಂದಿಗೆ ಪ್ರಕಟವಾಯಿತು. ಮೀನುಗಳನ್ನು ಬಣ್ಣದಲ್ಲಿ ತೋರಿಸಿದ ಅತಿ ಹಳೆಯ ಮುದ್ರಿತ ಗ್ರಂಥಗಳಲ್ಲಿ ಒಂದು. ಹೊರತಂದ ಲೂಯಿ ರೆನಾರ್ ಪುಸ್ತಕ ವ್ಯಾಪಾರಿ. ಬ್ರಿಟಿಷ್ ದೊರೆಯ ಏಜೆಂಟನಾಗಿಯೂ ಕೆಲಸ ಮಾಡುತ್ತಿದ್ದ.

ಸಂಪುಟದಲ್ಲಿ 100 ಫಲಕಗಳು, ಅವುಗಳಲ್ಲಿ 460 ಚಿತ್ರಗಳಿವೆ: 415 ಮೀನು, 41 ಏಡಿ-ಸಿಗಡಿ ಜಾತಿಯವು, ಎರಡು ಕಡ್ಡಿಕೀಟ, ಒಂದು ಕಡಲಹಸು, ಮತ್ತೆ ಒಂದು ಮತ್ಸ್ಯಕನ್ಯೆ! ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ತುಂಬಲಾಗಿದೆ.

ಮೂಲಚಿತ್ರಗಳು ಅಂಬೊನ್ ದ್ವೀಪದಿಂದ ಬಂದವು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಾಗಿದ್ದ ಬಾಲ್ತಜಾರ್ ಕೊಯೆಟ್ ಮತ್ತು ಆಡ್ರಿಯಾನ್ ವಾನ್ ಡರ್ ಸ್ಟೆಲ್ ಅವುಗಳನ್ನು ಸಂಗ್ರಹಿಸಿದ್ದರು. ಬಹುಪಾಲು ಬಿಡಿಸಿದವನು ಸಾಮ್ಯುಯೆಲ್ ಫಲ್ಲೂರ್. ಸೈನಿಕನಾಗಿ ಹೋಗಿ, ಆಮೇಲೆ ಅಲ್ಲಿನ ಚರ್ಚಿನ ಕೆಲಸಕ್ಕೆ ಸೇರಿದವನು. ಹವಳದಿಬ್ಬದ ಮೀನು ಸತ್ತ ಸ್ವಲ್ಪ ಹೊತ್ತಿಗೆಲ್ಲ ಬಣ್ಣಗೆಡುತ್ತದೆ, ಸಾರಾಯಿಯಲ್ಲಿಟ್ಟರೂ ಉಳಿಯುವುದಿಲ್ಲ. ಹಾಗಾಗಿ ಕೆತ್ತುವವನಿಗೂ ಬಣ್ಣ ಹಚ್ಚುವವನಿಗೂ ಮೂಲಚಿತ್ರದ ಹಾಳೆಯೇ ಆಧಾರ. ನಕಲಿನಿಂದ ನಕಲಾಗುವಾಗ ಬಣ್ಣ ಇನ್ನಷ್ಟು ಹೆಚ್ಚಿತು. ಏಡಿಯ ಚಿಪ್ಪಿನ ಮೇಲೆ ಮನುಷ್ಯಮುಖವೂ ಮೂಡಿತು. ಫಲ್ಲೂರನ ಕೈವಾಡವೂ ಇಲ್ಲದಿಲ್ಲ. ಒಂದು ಕಪ್ಪೆಮೀನು ಮೂರು ದಿನ ತನ್ನ ಮನೆಯಲ್ಲಿ ನಾಯಿಮರಿಯಂತೆ ಬೆನ್ನುಹತ್ತಿ ತಿರುಗಿತೆಂದೂ, ಮತ್ಸ್ಯಕನ್ಯೆ ತೊಟ್ಟಿಯಲ್ಲಿ ನಾಲ್ಕು ದಿನ ಏಳು ಗಂಟೆ ಬದುಕಿತ್ತೆಂದೂ ಟಿಪ್ಪಣಿ ಬರೆದಿದ್ದಾನೆ.

ಹೀಗಿದ್ದರೂ ಇದನ್ನು ಬರಿಯ ಕಟ್ಟುಕಥೆ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಚಿಟ್ಟೆಮೀನು, ಸಿಂಹಮೀನು, ಪೆಟ್ಟಿಗೆಮೀನುಗಳ ಆಕಾರ, ರೆಕ್ಕೆ, ಪಟ್ಟೆಗಳು ಬಣ್ಣದ ಅತಿರೇಕದ ಹಿಂದೆಯೂ ಗುರುತು ಸಿಗುತ್ತವೆ. ಅಮೆರಿಕದ ಮತ್ಸ್ಯವಿಜ್ಞಾನಿ ಥಿಯೊಡರ್ ಪೀಟ್ಸ್ ಈ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿ ಹೆಚ್ಚಿನವಕ್ಕೆ ಇಂದಿನ ಪ್ರಭೇದ ಹೇಳಿದ್ದಾನೆ.

ಮೊದಲ ಮುದ್ರಣದಲ್ಲಿ 100 ಪ್ರತಿಗಳಷ್ಟೇ ಬಂದವು, ಎರಡನೆಯದು 1754ರಲ್ಲಿ. ಅದೇ ಕಡಲಿನ ಚಿಪ್ಪು, ಏಡಿಗಳ ಸಂಯಮದ ಚಿತ್ರಣ ಬೇಕಾದವರು 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲೇ ಅಚ್ಚಾದ ನಿಸರ್ಗತಜ್ಞ ರುಂಫಿಯಸನ ಅಂಬೊನ್ ಗ್ರಂಥವನ್ನು ನೋಡಬೇಕು.